ಕ್ಯಾಂಪಿನ ಮಕ್ಕಳು, ಹಾಡಿಯ ಮಕ್ಕಳು

ನಮ್ಮಪ್ಪನ ಚಿಲ್ಲರೆ ಅಂಗಡಿ ಬೈಲಕುಪ್ಪೆಯಲ್ಲಿ, ಮೈಸೂರಿನಿಂದ ಮಡಿಕೇರಿಗೆ ಹೋಗುವ ರಸ್ತೆಗೆ ಮುಖ ಮಾಡಿಕೊಂಡಿತ್ತು. ಉಪ್ಪು, ಬೆಲ್ಲ, ಸೀಮೆಎಣ್ಣೆ, ಹೊಗೆಸೊಪ್ಪು, ಬೆಂಕಿಪೊಟ್ಟಣ, ಟೀ ಪುಡಿ, ಇಷ್ಟೇ ಸರಕು. 1961ರ ಬೇಸಿಗೆಯಲ್ಲಿ ನನಗೆ ಏಳು ವರ್ಷ. ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಒಬ್ಬ ಮುದುಕ ಬಂದು ನಿಂತ. ಆ ಸುಡುಬಿಸಿಲಿನಲ್ಲೂ ಮೈಮೇಲೆ ದಪ್ಪ ಉಣ್ಣೆಯ ನಿಲುವಂಗಿ, ಒಂದು ಕಿವಿಯಲ್ಲಿ ನೀಲಿಗಲ್ಲು. ಹಿಂದೆ ನನ್ನಷ್ಟೇ ಎತ್ತರದ ಒಬ್ಬ ಹುಡುಗ. ಮುದುಕ ಟೋಪಿ ತೆಗೆದು, ತಲೆ ಬಾಗಿಸಿ, ನಮ್ಮಪ್ಪನಿಗೆ ನಾಲಿಗೆ ಚಾಚಿದ. ಹುಡುಗನೂ ಚಾಚಿದ.

ನಾನು ಹೆದರಿ ಒಳಗೆ ಓಡಿದೆ. ಜಗಲಿಯ ಇನ್ನೊಂದು ಕಡೆ ಜೇನುಕುರುಬರ ಹುಡುಗನೊಬ್ಬ ಅವನಪ್ಪನ ಜೊತೆ ಕೂತಿದ್ದ. ಕಾಡಿನಿಂದ ಇಳಿಸಿ ತಂದ ಜೇನು ಕೊಟ್ಟು ಉಪ್ಪು, ಹೊಗೆಸೊಪ್ಪು ಕೊಂಡುಹೋಗಲು ಅವರು ತಿಂಗಳಿಗೊಮ್ಮೆ ಬರುತ್ತಿದ್ದರು. ಅವನು ಮಾತ್ರ ಅಲುಗಾಡದೆ ಆ ಇಬ್ಬರನ್ನೇ ನೋಡುತ್ತಿದ್ದ. ನಮ್ಮಪ್ಪ ಒಂದು ಗಳಿಗೆ ಸುಮ್ಮನಿದ್ದು, "ಏನ್ ಬೇಕಣ್ಣಾ?" ಅಂದರು. ಮುದುಕ ಟೀ ಪುಡಿ ತೋರಿಸಿದ, ಉಪ್ಪು ತೋರಿಸಿದ, ಆಮೇಲೆ ಎರಡೂ ಕೈಯಲ್ಲಿ ಮೇಲೆ ಕೆಳಗೆ ಕಡೆಯುವ ಹಾಗೆ ಮಾಡಿದ. ಒಳಗಿನಿಂದ ನೋಡುತ್ತಿದ್ದ ನಮ್ಮಮ್ಮನಿಗೆ ಅದು ತಟ್ಟನೆ ಹೊಳೆಯಿತು. "ಬೆಣ್ಣೆ ಕೇಳ್ತಾವ್ರೆ" ಅಂದು ಒಂದು ಮುದ್ದೆ ಬೆಣ್ಣೆ ಬಾಳೆಲೆಯಲ್ಲಿ ಇಟ್ಟುಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ.

ನಾಲಿಗೆ ಚಾಚುವುದು ಟಿಬೆಟ್ಟಿನ ಹಳಬರಲ್ಲಿ ಎದುರಿನವರಿಗೆ ತೋರಿಸುವ ಮರ್ಯಾದೆ ಅನ್ನುವುದು ನನಗೆ ಗೊತ್ತಾಗಿದ್ದು ಹದಿನೇಳು ವರ್ಷ ಕಳೆದ ಮೇಲೆ, ಅವರ ಮಕ್ಕಳಿಗೆ ಗಣಿತ ಹೇಳಿಕೊಡುವ ಕೆಲಸಕ್ಕೆ ಸೇರಿದಾಗ. 1978ರಿಂದ 2014ರ ತನಕ ನಾನು ಟಿಬೆಟಿಯನ್ ಕ್ಯಾಂಪಿನ ಒಂದು ಶಾಲೆಯಲ್ಲಿ ಮೇಷ್ಟ್ರಾಗಿದ್ದೆ. ಯುದ್ಧಕ್ಕೆ ಸಿಕ್ಕಿ ಊರು ಬಿಟ್ಟ ಮಕ್ಕಳನ್ನು ಒಂದು ನಾಡು ಹೇಗೆ ಎತ್ತಿ ನಿಲ್ಲಿಸಬಹುದು ಅನ್ನುವುದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದವನಲ್ಲ, ನಮ್ಮೂರಿನ ಪಕ್ಕದಲ್ಲೇ ಕಂಡವನು. ಅದು ಹೇಗಾಯಿತು ಎಂದು ಬರೆದಿಡಬೇಕು ಅನ್ನಿಸಿದ್ದರಿಂದ ಇದು.

1959ರ ಮಾರ್ಚ್ 10ರಂದು ಲಾಸಾದಲ್ಲಿ ಜನ ಚೀನಾದ ಸೈನ್ಯದ ವಿರುದ್ಧ ದಂಗೆ ಎದ್ದರು. 17ರ ರಾತ್ರಿ ದಲೈ ಲಾಮಾ ಸೈನಿಕನ ವೇಷದಲ್ಲಿ ಅರಮನೆಯಿಂದ ಹೊರಟು, 31ಕ್ಕೆ ಭಾರತದ ಗಡಿ ದಾಟಿದರು. ಅವರಿಗಾಗ 23 ವರ್ಷ. ಹಿಂದಿನಿಂದ ಸುಮಾರು 80,000 ಜನ ಹಿಮದ ಕಣಿವೆಗಳನ್ನು ದಾಟಿ ಬಂದರು. ಅಸ್ಸಾಮಿನ ಮಿಸ್ಸಾಮಾರಿಯಲ್ಲಿ ಬಿದಿರಿನ ಶೆಡ್ಡುಗಳ ಶಿಬಿರ ಎದ್ದಿತು. ಬಂಗಾಳದ ಬಕ್ಸಾ ಕೋಟೆಯಲ್ಲಿ, ಬ್ರಿಟಿಷರು ನಮ್ಮ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಅದೇ ಜೈಲಿನಲ್ಲಿ, ಸುಮಾರು 1,500 ಭಿಕ್ಷುಗಳನ್ನು ಇಟ್ಟರು. ಚಳಿಯ ಬೆಟ್ಟದಿಂದ ಬಂದ ದೇಹಗಳಿಗೆ ತಗ್ಗಿನ ಸೆಕೆ, ನೀರು, ಕ್ಷಯ ಯಾವುದನ್ನೂ ತಡೆಯಲಾಗಲಿಲ್ಲ. ಬಹಳ ಜನ ಅಲ್ಲೇ ಸತ್ತರು. ಗಟ್ಟಿ ಇದ್ದವರನ್ನು ಹಿಮಾಲಯದ ರಸ್ತೆ ಕೆಲಸಕ್ಕೆ ಕಳಿಸಿದರು. ಅಪ್ಪ ಅಮ್ಮ ಇಬ್ಬರೂ ಕಲ್ಲು ಒಡೆಯುತ್ತಿದ್ದರು, ಕೂಸುಗಳು ರಸ್ತೆಯ ಬದಿಯ ಗುಡಾರದಲ್ಲಿ ಮಲಗಿರುತ್ತಿದ್ದವು. ಗುಡ್ಡ ಜರಿಯುವ ಜಾಗ ಅದು.

ಆ ಹೊತ್ತಿನಲ್ಲಿ ನೆಹರೂ ಮತ್ತು ದಲೈ ಲಾಮಾ ಇಬ್ಬರೂ ತೆಗೆದುಕೊಂಡ ಒಂದು ತೀರ್ಮಾನವನ್ನು ನಾನು ಇಡೀ ಕತೆಯ ಹೃದಯ ಎಂದುಕೊಳ್ಳುತ್ತೇನೆ. ಈ ಜನಕ್ಕೆ ನೆಲೆ ಎಲ್ಲಿ ಅನ್ನುವುದು ಇನ್ನೂ ಗೊತ್ತಿರದಾಗಲೇ ಮಕ್ಕಳಿಗೆ ಶಾಲೆ ತೆರೆದರು. 1960ರ ಮಾರ್ಚಿನಲ್ಲಿ ಮಸ್ಸೂರಿಯಲ್ಲಿ 50 ವಿದ್ಯಾರ್ಥಿಗಳ ಮೊದಲ ಶಾಲೆ ಶುರುವಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಜಮ್ಮುವಿನ ರಸ್ತೆ ಶಿಬಿರಗಳಿಂದ 51 ಮಕ್ಕಳು ಕಾಯಿಲೆ ಬಿದ್ದು, ಹೊಟ್ಟೆಗಿಲ್ಲದೆ ಸೊರಗಿ ಧರ್ಮಶಾಲೆಗೆ ಬಂದರು. ದಲೈ ಲಾಮಾರ ಅಕ್ಕ ತ್ಸೆರಿಂಗ್ ದೋಲ್ಮಾ ಅವರನ್ನು ಮಡಿಲಿಗೆ ಹಾಕಿಕೊಂಡರು. 1964ರಲ್ಲಿ ಆಕೆ ತೀರಿಕೊಂಡ ಮೇಲೆ ತಂಗಿ ಜೆತ್ಸುನ್ ಪೆಮಾ ಆ ಕೆಲಸ ಹೊತ್ತು ದಶಕಗಳ ಕಾಲ ನಡೆಸಿದರು. ಇವತ್ತಿನ ಟಿಬೆಟಿಯನ್ ಚಿಲ್ಡ್ರನ್ಸ್ ವಿಲೇಜ್ ಅನ್ನುವ ದೊಡ್ಡ ಸಂಸ್ಥೆ ಹುಟ್ಟಿದ್ದು ಆ 51 ಮಕ್ಕಳಿಂದ. 1961ರಲ್ಲಿ ಕೇಂದ್ರ ಶಿಕ್ಷಣ ಇಲಾಖೆಯ ಕೆಳಗೆ ಟಿಬೆಟಿಯನ್ ಶಾಲೆಗಳಿಗೆಂದೇ ಒಂದು ಮಂಡಳಿ ಬಂತು. ಆಗ ಭಾರತ ಬಡ ದೇಶ. ನಮ್ಮೂರಿನ ಶಾಲೆಗೇ ಆಗ ಹೆಂಚಿರಲಿಲ್ಲ.

ಜಾಗಕ್ಕಾಗಿ ನೆಹರೂ ರಾಜ್ಯಗಳಿಗೆ ಪತ್ರ ಬರೆದರು. ಮೈಸೂರು ರಾಜ್ಯ ಮುಂದೆ ಬಂತು. ಟಿಬೆಟಿಯನ್ನರು ಇಂದಿಗೂ ಎಸ್. ನಿಜಲಿಂಗಪ್ಪನವರ ಹೆಸರನ್ನು ಕೈಮುಗಿದು ಹೇಳುತ್ತಾರೆ. ಹೇಳಬೇಕಾದ್ದೇ. ಮುಂಡಗೋಡಿನ ದೊಡ್ಡ ವಸತಿ 1966ರಲ್ಲಿ ಆಗಿದ್ದು ಅವರ ಕಾಲದಲ್ಲಿ. ಆದರೆ 1960ರ ಡಿಸೆಂಬರಿನಲ್ಲಿ ನಮ್ಮ ಬೈಲಕುಪ್ಪೆಗೆ ಮೊದಲ ತಂಡ, ಆರುನೂರಕ್ಕೂ ಹೆಚ್ಚು ಜನ, ಬಂದಿಳಿದಾಗ ಮುಖ್ಯಮಂತ್ರಿಯಾಗಿದ್ದವರು ಬಿ.ಡಿ. ಜತ್ತಿ. ಅವರ ಹೆಸರನ್ನೂ ಜೊತೆಗೆ ಹೇಳಬೇಕು ಅನ್ನುವುದು ನನ್ನ ಹಠ. ಕೊಟ್ಟಿದ್ದು 3,000 ಎಕರೆ, ಅದೂ ಕಾಡು. ಬಿದಿರು ಮೆಳೆ, ಲಂಟಾನ, ದೊಡ್ಡ ದೊಡ್ಡ ಮರ, ಆನೆ ಓಡಾಡುವ ದಾರಿ. ನಮ್ಮ ಅಂಗಡಿಗೆ ಜೇನು ತರುತ್ತಿದ್ದವನು ಆ ಕಾಡಿನಿಂದಲೇ ಇಳಿಸಿಕೊಂಡು ಬರುತ್ತಿದ್ದ. ಈ ಮಾತನ್ನು ಓದುಗರು ನೆನಪಿಟ್ಟುಕೊಂಡಿರಬೇಕು.

ಮರ ಕಡಿದರು, ಬುಡಕ್ಕೆ ಬೆಂಕಿ ಇಟ್ಟರು. ತಿಂಗಳುಗಟ್ಟಲೆ ನಮ್ಮೂರ ಮೇಲೆ ಹೊಗೆ ನಿಂತಿರುತ್ತಿತ್ತು. ರಾತ್ರಿ ಆನೆ ಬಂದರೆ ತಗಡಿನ ಡಬ್ಬ ಬಡಿಯುವ ಸದ್ದು ನಮ್ಮ ಮನೆಗೂ ಕೇಳಿಸುತ್ತಿತ್ತು. ಸೆಕೆಗೆ, ಜ್ವರಕ್ಕೆ, ಆನೆಗೆ ಸಿಕ್ಕಿ ಸತ್ತವರ ಲೆಕ್ಕ ನಮ್ಮಪ್ಪನಿಗೆ ಬೇರೆ ರೀತಿಯಲ್ಲಿ ಗೊತ್ತಾಗುತ್ತಿತ್ತು. ಸಾಲ ಬರೆದಿಡಲು ಭಾಷೆ ಇರಲಿಲ್ಲವಾದ್ದರಿಂದ ಗೋಡೆಯ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಗುರುತು: ಒಬ್ಬರಿಗೆ ಕಿವಿಯೋಲೆ, ಒಬ್ಬರಿಗೆ ಜಡೆ, ಒಬ್ಬರಿಗೆ ಕೋಲು. ಅದರ ಮುಂದೆ ಸುಣ್ಣದ ಗೀಟು. ಕೆಲವು ಗುರುತುಗಳ ಮುಂದೆ ಗೀಟು ನಿಂತುಹೋಯಿತು. ಅಪ್ಪ ಅವನ್ನು ಅಳಿಸಲಿಲ್ಲ. ಒಂದು ವರ್ಷದ ಮೇಲೆ ಸತ್ತವರೊಬ್ಬರ ಹೆಂಡತಿ ಬಂದು, ಗೋಡೆಯ ಕೋಲಿನ ಚಿತ್ರದ ಮೇಲೆ ಬೆರಳಿಟ್ಟು, ಗಂಡನ ಸಾಲ ಪೂರ್ತಿ ಎಣಿಸಿ ಕೊಟ್ಟುಹೋದರು.

ಹೆಂಚಿನ ಮನೆಗಳು ಏಳುವ ಮೊದಲೇ ಕ್ಯಾಂಪಿನಲ್ಲಿ ಪಾಠ ನಡೆಯುತ್ತಿತ್ತು. ಬಿದಿರಿನ ತಟ್ಟಿ, ಹುಲ್ಲಿನ ಮಾಡು, ನೆಲದ ಮೇಲೆ ಸಾಲಾಗಿ ಕೂತ ಮಕ್ಕಳು. ಒಂದು ದಿನ ಅಪ್ಪನ ಜೊತೆ ಗಾಡಿಯಲ್ಲಿ ಉಪ್ಪಿನ ಮೂಟೆ ಇಳಿಸಲು ಹೋದಾಗ ಒಳಗಿನಿಂದ ಒಟ್ಟು ದನಿ ಕೇಳಿಸಿತು: "ಕ, ಖ, ಗ, ಙ." ನನಗೆ ಆಶ್ಚರ್ಯವಾಯಿತು. ನಾನು ನಮ್ಮ ಶಾಲೆಯಲ್ಲಿ ಕೂಗುತ್ತಿದ್ದುದೂ ಅದೇ, ನಡುವಿನ ಘ ಒಂದನ್ನು ಬಿಟ್ಟರೆ. ಏಳನೆಯ ಶತಮಾನದಲ್ಲಿ ತೋನ್ಮಿ ಸಂಭೋಟ ಎಂಬ ಮಂತ್ರಿ ಭಾರತಕ್ಕೆ ಬಂದು ಕಲಿತು, ನಮ್ಮ ಲಿಪಿಗಳ ಮಾದರಿಯಲ್ಲಿ ಮೂವತ್ತು ಅಕ್ಷರಗಳನ್ನು ಕಟ್ಟಿಕೊಂಡು ಹೋದನೆಂದು ಅವರ ಪರಂಪರೆ ಹೇಳುತ್ತದೆ. ಅಂದರೆ ಆ ಅಕ್ಷರಗಳು ಸಾವಿರದ ಮುನ್ನೂರು ವರ್ಷದ ಮೇಲೆ ಮಕ್ಕಳ ಬಾಯಲ್ಲಿ ತಿರುಗಿ ಬಂದಿದ್ದವು.

ನಾನು ಮೇಷ್ಟ್ರಾಗಿ ಸೇರಿದಾಗ ಮೊದಲು ಕಲಿತ ಪಾಠವೂ ನಾಲಿಗೆಯದೇ. ಆರನೇ ತರಗತಿಗೆ ತ್ರಿಕೋನ ಹೇಳಿಕೊಡುತ್ತಿದ್ದೆ, ಇಂಗ್ಲಿಷಿನಲ್ಲಿ. ಹಿಂದಿನ ಸಾಲಿನ ಹುಡುಗಿಯೊಬ್ಬಳಿಗೆ ಏನು ಮಾಡಿದರೂ ಹತ್ತುತ್ತಿರಲಿಲ್ಲ. ಪಕ್ಕದ ತರಗತಿಯ ಟಿಬೆಟಿಯನ್ ಮೇಷ್ಟ್ರು ಒಳಗೆ ಬಂದು ಬೋರ್ಡಿನ ಮೇಲಿನ ಚಿತ್ರ ತೋರಿಸಿ, "ಸುರ್ ಸುಮ್" ಅಂದರು. ಸುರ್ ಅಂದರೆ ಮೂಲೆ, ಸುಮ್ ಅಂದರೆ ಮೂರು. ನಮ್ಮ ತ್ರಿಕೋನವೇ. ಹುಡುಗಿಯ ಮುಖ ಬದಲಾಯಿತು. ಮೂಲೆಗಳನ್ನು ತಾನೇ ಎಣಿಸಿದಳು. ಆ ವರ್ಷ ನಾನು ಅವರ ಸಂಖ್ಯೆಗಳನ್ನು, ಗಣಿತದ ಮಾತುಗಳನ್ನು ಬರೆದಿಟ್ಟುಕೊಂಡು ಕಲಿತೆ. ಮುಂದೆ ಚಿಲ್ಡ್ರನ್ಸ್ ವಿಲೇಜ್ ಶಾಲೆಗಳಲ್ಲಿ 1985ರಿಂದ ಕೆಳಗಿನ ತರಗತಿಗಳ ಪಾಠವನ್ನು, ಗಣಿತ ವಿಜ್ಞಾನವನ್ನೂ ಸೇರಿಸಿ, ಟಿಬೆಟಿಯನ್ ಭಾಷೆಗೆ ತಂದರು. ಮನೆ, ಊರು, ಹೊಲ, ಗುಡಿ ಎಲ್ಲವನ್ನೂ ಕಳೆದುಕೊಂಡ ಮಗುವಿಗೆ ಅಮ್ಮನ ಮಾತೊಂದೇ ಜೊತೆಗೆ ಬಂದ ಆಸ್ತಿ. ಶಾಲೆ ಅದನ್ನೂ ಬಾಗಿಲ ಹೊರಗೆ ಬಿಟ್ಟು ಬಾ ಅಂದರೆ ಆ ಮಗು ಎರಡನೆಯ ಸಲ ಊರು ಬಿಡುತ್ತದೆ. ಇದು ನಾನು ಮೂವತ್ತಾರು ವರ್ಷದಲ್ಲಿ ಕಂಡದ್ದು.

ಒಂದು ಕೊರತೆ ಹೇಳಲೇಬೇಕು. ನಾನಿದ್ದ ಶಾಲೆಯಲ್ಲಿ ಟಿಬೆಟಿಯನ್, ಇಂಗ್ಲಿಷ್, ಹಿಂದಿ ಇತ್ತು, ಕನ್ನಡ ಇರಲಿಲ್ಲ. ಮಕ್ಕಳು ಕನ್ನಡವನ್ನು ಕುಶಾಲನಗರದ ಸಂತೆಯಲ್ಲಿ, ಬಸ್ಸಿನಲ್ಲಿ, ಹೊಲದ ಆಳುಗಳಿಂದ ಕಲಿತರು. ಚೆನ್ನಾಗಿಯೇ ಕಲಿತರು. ಓದಲು ಮಾತ್ರ ಬರಲಿಲ್ಲ. ಬಸ್ಸಿನ ಬೋರ್ಡು ಓದಲಾರದೆ ನಿಂತ ನನ್ನ ಹಳೆಯ ವಿದ್ಯಾರ್ಥಿಗಳನ್ನು ಕಂಡಾಗ, ಸಂಜೆ ಹೊತ್ತು ನಾನಾದರೂ ಕೂರಿಸಿಕೊಂಡು ಹೇಳಿಕೊಡಬೇಕಿತ್ತು ಅನ್ನಿಸುತ್ತದೆ.

ಹೊಟ್ಟೆಯ ದಾರಿ ಹೊಲದಿಂದ ಬಂತು. ತಲೆಗೆ ಒಂದು ಎಕರೆ ಲೆಕ್ಕದಲ್ಲಿ ಜಮೀನು, ಮುಸುಕಿನ ಜೋಳ, ಹಸು, ಸಹಕಾರ ಸಂಘ, ಟ್ರ್ಯಾಕ್ಟರು. ಸ್ವಿಟ್ಜರ್ಲೆಂಡಿನವರು ನೆರವಿಗೆ ನಿಂತರು. ಮೈರಾಡ ಅನ್ನುವ ಹೆಸರು ಕೇಳಿದರೆ ನಮ್ಮ ಕಡೆಯ ಹೆಂಗಸರಿಗೆ ಸ್ವಸಹಾಯ ಸಂಘ ನೆನಪಾಗುತ್ತದೆ. ಆದರೆ ಆ ಸಂಸ್ಥೆ 1968ರಲ್ಲಿ ಹುಟ್ಟಿದ್ದು ಮೈಸೂರು ರಾಜ್ಯಕ್ಕೆ ಬಂದ ಟಿಬೆಟಿಯನ್ನರಿಗೆ ನೆಲೆ ಕಟ್ಟಿಕೊಡಲು. ನಿರಾಶ್ರಿತರ ಜೊತೆ ಕಲಿತ ಕೆಲಸ ಆಮೇಲೆ ನಮ್ಮ ಹಳ್ಳಿಗಳಿಗೆ ಬಂತು. 1969–70ರಲ್ಲಿ ಬಕ್ಸಾದಲ್ಲಿ ಬದುಕುಳಿದ ಭಿಕ್ಷುಗಳೂ ಬಂದರು. ಸೆರಾ ಮಠದ ಸುಮಾರು ಮುನ್ನೂರು ಜನ ಬೈಲಕುಪ್ಪೆಗೆ, ಡ್ರೆಪುಂಗ್ ಮತ್ತು ಗಾಂದೆನ್ ಮಠದವರು ಮುಂಡಗೋಡಿಗೆ. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ, ಆಮೇಲೆ ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದಲ್ಲಿ ಹೊಸ ವಸತಿಗಳಾದವು. ಈಗ ಪ್ರವಾಸಿಗರು ನೋಡಲು ಬರುವ ಚಿನ್ನದ ಗುಡಿ, ನಾಮ್‌ಡ್ರೋಲಿಂಗ್, 1963ರಲ್ಲಿ ಬಿದಿರಿನಿಂದ ಶುರುವಾದದ್ದು. ಅದರ ಫೋಟೋ ತೆಗೆಯುವವರು ಪಕ್ಕದ ಶಾಲೆಯ ಕಡೆಗೂ ಒಮ್ಮೆ ತಿರುಗಿ ನೋಡಲಿ.

1980ರ ಸುಮಾರಿಗೆ ಬೇರೊಂದು ಬಗೆಯ ಮಕ್ಕಳು ಬರತೊಡಗಿದರು, ಅಪ್ಪ ಅಮ್ಮ ಇಲ್ಲದೆ, ಒಬ್ಬೊಬ್ಬರೇ. ಅಪ್ಪ ಅಮ್ಮ ಬದುಕಿದ್ದರು, ಟಿಬೆಟ್ಟಿನಲ್ಲಿದ್ದರು. ಮಗು ನಮ್ಮ ಭಾಷೆ ಕಲಿಯಲಿ, ನಮ್ಮ ಧರ್ಮ ತಿಳಿಯಲಿ ಎಂದು ದಾರಿ ಬಲ್ಲವರ ಕೈಗೆ ಒಪ್ಪಿಸಿ, ಹಿಮಾಲಯ ದಾಟಿಸಿ ಕಳಿಸುತ್ತಿದ್ದರು. ಮತ್ತೆ ನೋಡುತ್ತೇವೆಂಬ ಖಾತ್ರಿ ಅವರಿಗಿರಲಿಲ್ಲ. ನಂಗ್ಪಾ ಲಾ ಕಣಿವೆ ದಾಟಿ, ಕಠ್ಮಂಡು, ಧರ್ಮಶಾಲೆ, ಅಲ್ಲಿಂದ ನಮ್ಮ ಕಡೆಗೆ. ಅದೇ ಕಣಿವೆಯಲ್ಲಿ 2006ರ ಸೆಪ್ಟೆಂಬರ್ 30ರಂದು ಗಡಿ ಸೈನಿಕರ ಗುಂಡಿಗೆ ಹದಿನೇಳು ವರ್ಷದ ಭಿಕ್ಷುಣಿ ಸತ್ತಳು. ಜೊತೆಗಿದ್ದ ಮಕ್ಕಳು ಕಂಡರು.

ಹಾಗೆ ಬಂದ ಒಬ್ಬ ಹುಡುಗ ನನ್ನ ತರಗತಿಯಲ್ಲಿದ್ದ. ಒಂಬತ್ತು ವರ್ಷ. ಹಿಮ ಕಚ್ಚಿ ಎಡಗಾಲಿನ ಮೂರು ಬೆರಳು ಹೋಗಿದ್ದವು. ಶೂ ಬಿಚ್ಚಲು ಒಪ್ಪುತ್ತಿರಲಿಲ್ಲ, ರಾತ್ರಿ ಹಾಸಿಗೆಯಲ್ಲೂ ಹಾಕಿಕೊಂಡೇ ಮಲಗುತ್ತಿದ್ದ. ಬಲವಂತ ಮಾಡಬೇಡಿ ಎಂದವರು ಅವನ ಮನೆಯ ಅಮಾ-ಲಾ. ಟಿಬೆಟಿಯನ್ನರ ಮಕ್ಕಳ ಗ್ರಾಮಗಳಲ್ಲಿ ಹಾಸ್ಟೆಲ್ ಅನ್ನುವುದಿಲ್ಲ, ಮನೆ ಅನ್ನುತ್ತಾರೆ. ಒಂದು ಮನೆಗೆ ಮೂವತ್ತು ಮೂವತ್ತೈದು ಮಕ್ಕಳು, ಒಬ್ಬ ಅಮ್ಮ. ದೊಡ್ಡ ಮಕ್ಕಳು ಸಣ್ಣವರ ತಲೆ ಬಾಚಬೇಕು, ತುಕ್ಪ ಬಡಿಸಬೇಕು. ಆ ಅಮಾ-ಲಾ ಪ್ರತಿ ರಾತ್ರಿ ಶೂ ಹಾಕಿಕೊಂಡ ಆ ಕಾಲುಗಳನ್ನು ಹಾಗೆಯೇ ತಮ್ಮ ತೊಡೆಯ ಮೇಲೆ ಇಟ್ಟುಕೊಂಡು ಲೇಸು ಸಡಿಲ ಮಾಡುತ್ತಿದ್ದರು, ಅಷ್ಟೇ. ನಾಲ್ಕು ತಿಂಗಳಾದ ಮೇಲೆ ಒಂದು ದಿನ ಅವನೇ ಬಿಚ್ಚಿ ಬಾಗಿಲ ಹೊರಗೆ ಇತರರ ಚಪ್ಪಲಿಗಳ ಸಾಲಿನಲ್ಲಿ ಇಟ್ಟ. ಬೆಳಿಗ್ಗೆ ಅದನ್ನು ನನಗೆ ಹೇಳುವಾಗ ಆಕೆಗೆ ಅಳು ತಡೆಯಲಾಗಲಿಲ್ಲ. ವರ್ಷಕ್ಕೊಮ್ಮೆ, ದೂರದ ದೇಶದಲ್ಲಿದ್ದು ಅವನ ಓದಿಗೆ ಹಣ ಕಳಿಸುವ ದಂಪತಿಗೆ ಅವನು ಪತ್ರ ಬರೆಯಬೇಕಿತ್ತು. ಮೊದಲ ಪತ್ರದಲ್ಲಿ ಬರೀ ಒಂದು ಯಾಕ್ ಚಿತ್ರ ಬರೆದ. ಹತ್ತನೆಯ ತರಗತಿಯ ಹೊತ್ತಿಗೆ ಎರಡು ಪುಟ ಬರೆಯುತ್ತಿದ್ದ.

ಕ್ಯಾಂಪಿನ ಯುವಕರಿಗೆ ಎಲ್ಲವೂ ಸುಲಭವಾಗಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಜಮೀನು ಬೆಳೆಯಲಿಲ್ಲ, ಸಂಸಾರಗಳು ಬೆಳೆದವು. ಅಪ್ಪ ಅಮ್ಮ ಲುಧಿಯಾನದಿಂದ ಸ್ವೆಟರು ತಂದು ಚಳಿಗಾಲದಲ್ಲಿ ಊರೂರಿನ ಫುಟ್‌ಪಾತಿನಲ್ಲಿ ಮಾರಲು ಹೋಗುತ್ತಿದ್ದರು. ಆ ತಿಂಗಳುಗಳಲ್ಲಿ ಮಕ್ಕಳ ಹೋಮ್‌ವರ್ಕಿಗೆ ಸಹಿ ಹಾಕಿದ್ದು ಅಜ್ಜಿಯ ಹೆಬ್ಬೆಟ್ಟು. ಎಷ್ಟೋ ಹುಡುಗರು ಭಾರತದ ಒಂದು ವಿಶೇಷ ಪಡೆಗೆ ಸೇರಿದರು. 1962ರ ಚೀನಾ ಯುದ್ಧದ ಹೊತ್ತಿನಲ್ಲಿ ಟಿಬೆಟಿಯನ್ನರಿಂದಲೇ ಕಟ್ಟಿದ ಪಡೆ ಅದು. 1971ರಲ್ಲಿ ಬಾಂಗ್ಲಾ ವಿಮೋಚನೆಯ ಯುದ್ಧದಲ್ಲಿ ಚಿತ್ತಗಾಂಗಿನ ಗುಡ್ಡಗಳಲ್ಲಿ ಆ ಪಡೆಯ ಐವತ್ತಕ್ಕೂ ಹೆಚ್ಚು ಜನ ಸತ್ತರು. ಯಾವ ದೇಶಕ್ಕಾಗಿ ಸತ್ತರೋ ಆ ದೇಶದ ಕಾಗದದಲ್ಲಿ ಅವರು ವಿದೇಶಿಯರು. ನನ್ನ ವಿದ್ಯಾರ್ಥಿಗಳು ಹದಿನಾರು ತುಂಬುತ್ತಲೇ ವಿದೇಶಿಯರ ನೋಂದಣಿಯ ಆರ್.ಸಿ. ಅನ್ನುವ ಪುಸ್ತಕ ಮಾಡಿಸಿಕೊಂಡು, ಅದನ್ನು ಪೊಲೀಸರ ಬಳಿ ನವೀಕರಿಸುತ್ತಾ ಬಂದವರು. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳೆಂದು ಕಾನೂನು ಹೇಳುತ್ತಿತ್ತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ನನ್ನ ಮೊದಲ ತರಗತಿಯ ಮಕ್ಕಳಿಗೆ ತಲೆ ನರೆತಿತ್ತು. ಬಹಳ ಜನ ಅಮೆರಿಕ, ಕೆನಡಾ ಸೇರಿದರು. ನಾನು ಸೇರಿದಾಗ ಒಂದೊಂದು ತರಗತಿಗೆ ಎರಡು ವಿಭಾಗ, ನಿವೃತ್ತಿಯ ಹೊತ್ತಿಗೆ ಒಂದೇ, ಅದರಲ್ಲೂ ಖಾಲಿ ಬೆಂಚು. ಶೂ ಬಿಚ್ಚದ ಆ ಹುಡುಗ ಈಗ ಟೊರಾಂಟೋದಲ್ಲಿ ಲಾರಿ ಓಡಿಸುತ್ತಾನೆ. ಅವರ ಹೊಸ ವರ್ಷದ ಲೋಸಾರ್ ಹಬ್ಬಕ್ಕೆ ಫೋನ್ ಮಾಡಿ, "ಗೆನ್-ಲಾ, ಮೇಷ್ಟ್ರೇ, ಊಟ ಆಯ್ತಾ?" ಅನ್ನುತ್ತಾನೆ.

ಇಷ್ಟೆಲ್ಲ ಆದರೂ ನೆಲೆ ಕಳೆದುಕೊಂಡು ಬಂದ ಆ ಮಕ್ಕಳು ಓದಿದರು. ನರ್ಸುಗಳಾದರು, ಮೇಷ್ಟ್ರಾದರು, ಕಂಪ್ಯೂಟರ್ ಕೆಲಸಕ್ಕೆ ಬೆಂಗಳೂರಿಗೆ ಹೋದರು. ಬೆಂಗಳೂರಿನ ಹತ್ತಿರ ಶೇಷಗಿರಿಹಳ್ಳಿಯಲ್ಲಿ ಅವರದೇ ಕಾಲೇಜು ನಡೆಯುತ್ತಿದೆ. ಇದು ಪವಾಡದಿಂದ ಆಗಲಿಲ್ಲ. ಊರಿನವರನ್ನು ಚದುರಿಸದೆ ಒಟ್ಟಿಗೆ ಇರಲು ಬಿಟ್ಟರು, ಮೊದಲು ಶಾಲೆ ಕಟ್ಟಿದರು, ಅವರ ಭಾಷೆಯನ್ನು ಪಾಠದೊಳಗೆ ಇಟ್ಟರು, ಅಮ್ಮನಿಲ್ಲದವರಿಗೆ ಅಮ್ಮನನ್ನು ಕೊಟ್ಟರು. ಹಣ ಕೊಟ್ಟವರಲ್ಲಿ ನಮ್ಮದೇ ಸರ್ಕಾರವೂ ಇತ್ತು, ಜಾಗ ಕೊಟ್ಟಿದ್ದು ನಮ್ಮದೇ ರಾಜ್ಯ. ಹೇಗೆ ಮಾಡಬೇಕು ಅನ್ನುವುದು ನಮಗೆ ಗೊತ್ತಿತ್ತು.

ಅದಕ್ಕೇ ಅಂಗಡಿಯ ಜಗಲಿಯ ಇನ್ನೊಂದು ಕಡೆ ಕೂತಿದ್ದ ಜೇನುಕುರುಬರ ಹುಡುಗನನ್ನು ನಾನು ಮರೆಯಲಾರೆ. ಯುದ್ಧ ಅವನನ್ನು ಓಡಿಸಲಿಲ್ಲ. ಅವನ ಜನ ಯಾವ ಗಡಿಯನ್ನೂ ದಾಟಲಿಲ್ಲ. 1970ರ ದಶಕದಿಂದ ಕಬಿನಿ ಅಣೆಕಟ್ಟು, ಹುಲಿ, ರಾಷ್ಟ್ರೀಯ ಉದ್ಯಾನ ಎಂದು ಒಂದೊಂದು ಹೆಸರಿನಲ್ಲಿ ಕಾಕನಕೋಟೆ, ನಾಗರಹೊಳೆ ಕಾಡಿನಲ್ಲಿದ್ದ ಅವನ ಜನರ ಹಾಡಿಗಳು ಖಾಲಿಯಾದವು. ಹೈಕೋರ್ಟ್ ಸೂಚನೆಯ ಮೇಲೆ ಪ್ರೊ. ಮುಜಾಫರ್ ಅಸ್ಸಾದಿ ಅವರ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ಹೀಗೆ ಎತ್ತಂಗಡಿಯಾದವರ ಲೆಕ್ಕ 3,418 ಕುಟುಂಬ. ಒಂದಷ್ಟು ಜನರಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಪುನರ್ವಸತಿ ಆಯಿತು. ಟಿಬೆಟಿಯನ್ನರ ಗುರುಪುರ ಇರುವುದೂ ಅದೇ ಹುಣಸೂರು ತಾಲ್ಲೂಕಿನಲ್ಲಿ. ನಾನು ಎರಡೂ ಕಡೆ ಓಡಾಡಿದ್ದೇನೆ.

ಅಂಗಡಿಯ ಆ ಹುಡುಗ ಈಗ ನನ್ನ ವಯಸ್ಸಿನ ಮುದುಕ. ಹೋದ ವರ್ಷ ಅವನ ಹಾಡಿಗೆ ಹೋಗಿದ್ದೆ. ಅವನ ಮೊಮ್ಮಗ ಆಶ್ರಮ ಶಾಲೆಯಲ್ಲಿ ಆರನೆಯ ತರಗತಿಯ ತನಕ ಓದಿ ಬಿಟ್ಟಿದ್ದಾನೆ. ಯಾಕಪ್ಪ ಬಿಟ್ಟೆ ಅಂದರೆ, "ಅಲ್ಲಿ ನಮ್ ಮಾತಾಡಿದ್ರೆ ನಗ್ತಾರೆ ಸಾರ್" ಅಂದ. ಅವನ ಮನೆಯ ಮಾತು ಜೇನುನುಡಿ. ಅದು ಗೊತ್ತಿರುವ ಒಬ್ಬ ಮೇಷ್ಟ್ರೂ ಅವನಿಗೆ ಸಿಕ್ಕಿಲ್ಲ. ಈಗ ಬೆಳಿಗ್ಗೆ ಏಳಕ್ಕೆ ಬರುವ ತೋಟದ ಜೀಪಿನಲ್ಲಿ ಕೊಡಗಿಗೆ ಕೂಲಿಗೆ ಹೋಗುತ್ತಾನೆ.

ಹಾಡಿಗಳ ಶಾಲೆಗೆ ಜೇನುನುಡಿ ಬಲ್ಲ ಮೇಷ್ಟ್ರು ಬೇಕು, ಹಾಸ್ಟೆಲಿಗೆ ಅಮ್ಮನಂಥ ಒಬ್ಬ ಹೆಂಗಸು ಬೇಕು, ಓದಿದ ಹಾಡಿಯ ಹುಡುಗಿಯರಿಗೇ ಆ ಕೆಲಸ ಸಿಗಬೇಕು. ದೂರ ಹೋಗಿ ಕಲಿಯಬೇಕಾದ ವಿದ್ಯೆ ಇದಲ್ಲ. ಮೈಸೂರಿನಲ್ಲಿ ಕೂತು ಇದನ್ನು ತೀರ್ಮಾನಿಸುವ ಅಧಿಕಾರಿಗಳು ಒಂದು ದಿನ ನಾಗಾಪುರಕ್ಕೂ ಗುರುಪುರಕ್ಕೂ ಹೋಗಿ, ಎರಡೂ ಕಡೆಯ ಮಕ್ಕಳ ಜೊತೆ ಕೂತು ಊಟ ಮಾಡಿ ಬರಲಿ. ಬೇಕಾದರೆ ನಾನೇ ಜೊತೆಗೆ ಬರುತ್ತೇನೆ.